ಮೀನಿನ ಪಾಲಿನ ಸಿಹಿನೀರು

ನೀರೆಂದರೆ ನೀರು ಎಂದು ನಂಬಿಕೊಂಡು ಬದುಕಿದವಳು ನಾನು. ನಲ್ಲಿ ತಿರುಗಿಸಿದರೆ ಬರಬೇಕು, ಬರದಿದ್ದರೆ ಮನೆಯ ಮಾಲೀಕರನ್ನು ಕೂಗಬೇಕು; ಇದರಾಚೆಗೆ ನೀರಿನ ಬಗ್ಗೆ ಯೋಚಿಸುವುದಕ್ಕೆ ಏನಿದೆ? ದೇವರು ಎಲ್ಲೆಲ್ಲೂ ಇದ್ದಾನೆ ಎನ್ನುವವರ ಮಾತಿಗೆ ತಲೆಯಾಡಿಸಿ ಸುಮ್ಮನಾಗುವಂತೆಯೇ ನೀರಿನಲ್ಲಿ ಕ್ಯಾಲ್ಸಿಯಂ ಇದೆ ಎನ್ನುವವರ ಮಾತಿಗೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಮಾಕಳಿಯ ನಮ್ಮ ಬಾಡಿಗೆ ಮನೆಯಲ್ಲಿ ಬಕೆಟ್ಟುಗಳ ಒಳಮೈಗೆ ಬಿಳಿ ಪೊರೆ ಕಟ್ಟುತ್ತಿತ್ತು. ಗೀಸರಿನ ಕಾಯಿಲ್ ಸುಣ್ಣ ಹೊಡೆದ ಗೋಡೆಯ ಹಾಗಾಗುತ್ತಿತ್ತು. ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳಾಗಿಯೇ ಉಳಿಯುತ್ತೇನೆಂದು ಹಠ ಹಿಡಿಯುತ್ತಿತ್ತು. ಬಕೆಟ್ಟಿಗೆ ಪ್ಲಾಸ್ಟಿಕ್ಕನ್ನು ಬೈದೆ, ಗೀಸರಿಗೆ ಕಂಪನಿಯನ್ನು ಬೈದೆ, ಬೇಳೆಗೆ ಅಂಗಡಿಯವನನ್ನು ಬೈದೆ. ಇಷ್ಟಕ್ಕೂ ಕಾರಣ ಒಂದೇ ಎಂದು ನನಗೆ ಗೊತ್ತಾಗಬೇಕಾದರೆ ಎರಡು ಮೀನು ಮನೆಗೆ ಬರಬೇಕಾಯಿತು.

ಮೀನು ತಂದವರು ನಮ್ಮ ಯಜಮಾನರು, ಪ್ರಕಾಶ್. ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಅವರು ಮೇಲ್ವಿಚಾರಕರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಹೊಸೂರಿಗೆ ವರ್ಗವಾದಾಗ, ಆ ಮಹಾನುಭಾವರು ತಮ್ಮ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಜೋಡಿ ಡಿಸ್ಕಸ್ ಮೀನನ್ನೂ ಆ ಮೀನುಗಳಿಗೆ ನೀರು ಸೋಸಿಕೊಡುವ ಆರ್‌ಓ ಯಂತ್ರವನ್ನೂ ನಮ್ಮವರ ಕೈಗೊಪ್ಪಿಸಿ ಕಣ್ಣೊರೆಸಿಕೊಂಡರಂತೆ. ಆ ಕಣ್ಣೀರು ಅಗಲಿಕೆಯದೋ ಬಿಡುಗಡೆಯದೋ ಎಂದು ಅನುಮಾನಿಸುವ ಬುದ್ಧಿ ನಮ್ಮವರಿಗೆ ಹೊಳೆಯಲಿಲ್ಲ. ಒಂದು ಭಾನುವಾರ ಎಲ್ಲವೂ ಲಗೇಜ್ ಆಟೊದಲ್ಲಿ ಬಂದಿಳಿಯಿತು. ನಮ್ಮ ಜೊತೆಗಿರುವ ನನ್ನ ಅತ್ತೆ ಕನ್ನಡಕ ಏರಿಸಿ ತೊಟ್ಟಿಯೊಳಗೆ ಇಣುಕಿ, "ಇದೇನೋ ಪ್ರಕಾಶ, ಹಪ್ಪಳಕ್ಕೆ ಕಣ್ಣು ಬಂದ ಹಾಗಿದೆಯಲ್ಲೋ!" ಎಂದರು.

ಅತ್ತೆಯ ಮಾತಿಗಿಂತ ಸರಿಯಾದ ವರ್ಣನೆ ನನಗೆ ಇಂದಿಗೂ ಸಿಕ್ಕಿಲ್ಲ. ತಟ್ಟೆಯ ಹಾಗೆ ದುಂಡಗೆ, ಹಪ್ಪಳದ ಹಾಗೆ ಚಪ್ಪಟೆ. ಎದುರಿನಿಂದ ನೋಡಿದರೆ ಒಂದು ಗೆರೆ, ಪಕ್ಕಕ್ಕೆ ತಿರುಗಿದರೆ ಒಂದು ಪೂರ್ಣಚಂದ್ರ. ಕೆಂಪು ಮೈಯ ಮೇಲೆ ತಿಳಿನೀಲಿಯ ಗೆರೆಗಳು ರಂಗೋಲಿ ಹಾಕುವವಳು ಕೈಯೆತ್ತದೆ ಎಳೆದಂತೆ ಸುಳಿಸುಳಿಯಾಗಿ ಹರಿದಿದ್ದವು. ಅವು ಈಜುವುದೂ ಉಳಿದ ಮೀನುಗಳಂತೆ ಪಟಪಟನೆ ಅಲ್ಲ; ಮದುವೆ ಮನೆಯಲ್ಲಿ ರೇಷ್ಮೆ ಸೀರೆಯುಟ್ಟ ಹಿರಿಯರು ಪಂಕ್ತಿಯ ನಡುವೆ ನಡೆಯುವಂತೆ, ಅವಸರವಿಲ್ಲದೆ. ಮೊದಲ ದಿನವೇ ನಾನು ಸೋತೆ. ಆ ಸೋಲಿನ ಹೊತ್ತು ನೋಡಿಕೊಂಡೇ ನಮ್ಮವರು ಕೆಲಸ ಹಂಚಿದರು. "ನೋಡು ಸವಿತಾ, ಊಟ ಹಾಕೋದು, ಗಾಜು ಒರೆಸೋದು, ಬಂದವರಿಗೆ ತೋರಿಸೋದು ಎಲ್ಲಾ ನಾನು ಮಾಡ್ತೀನಿ. ನೀರೊಂದು ನೀನು ನೋಡ್ಕೊಂಡ್ಬಿಡು. ಹೇಗೂ ನಿನಗೆ ಅಳತೆ ಅಂದ್ರೆ ಇಷ್ಟ ಅಲ್ವಾ?"

ಮಾತು ಸುಳ್ಳಲ್ಲ. ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಮಾಲನ್ನು ಪಕ್ಕಕ್ಕಿಡುವವಳು. ಹಾಗಾಗಿ ಯಂತ್ರದ ಜೊತೆ ಬಂದಿದ್ದ, ನೀರಿನಲ್ಲಿ ಕರಗಿರುವುದನ್ನೆಲ್ಲ ಅಂಕಿಯಲ್ಲಿ ತೋರಿಸುವ ಪೆನ್ನಿನಷ್ಟುದ್ದದ ಮೀಟರನ್ನು ನೋಡಿ ನನ್ನ ಕೈ ತಾನಾಗಿ ಅದರತ್ತ ಹೋಯಿತು. ಒಂದು ಲೋಟ ಬೋರ್‌ವೆಲ್ ನೀರಿಗೆ ಅದ್ದಿದೆ. ಅಂಕಿ ಏರಿತು, ಏರಿತು, ಇನ್ನೂ ಏರಿತು. ಕೆಟ್ಟಿದೆಯೇನೋ ಎಂದು ಕೊಡವಿ ಮತ್ತೆ ಅದ್ದಿದೆ, ಅಷ್ಟೇ ಏರಿತು. ಅದೇ ನೀರು ಯಂತ್ರದಿಂದ ಹೊರಬಂದ ಮೇಲೆ ಅದ್ದಿದರೆ, ಉಳಿದದ್ದು ತೀರಾ ಚಿಕ್ಕ ಒಂದು ಅಂಕಿ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸದ ಮಾತು ಶಾಲೆಯಲ್ಲಿ ಕೇಳಿ ನಕ್ಕಿದ್ದೆ. ಇಲ್ಲಿ ನೀರಿನಿಂದ ಬಂಡೆಯನ್ನೇ ಬೇರ್ಪಡಿಸುವ ಹಂಸವೊಂದು ಅಡುಗೆಮನೆಯ ಹಿಂದಿನ ನಮ್ಮ ಯುಟಿಲಿಟಿಯ ಗೋಡೆಯ ಮೇಲೆ, ಪೊರಕೆಯ ಪಕ್ಕದಲ್ಲಿ, ಗುರ್ ಎನ್ನುತ್ತ ಕೂತಿತ್ತು.

ನೋಡಲು ಯಂತ್ರ ಏನೂ ಅಲ್ಲ. ಮೂರು ಪ್ಲಾಸ್ಟಿಕ್ ಕೊಳವೆಗಳು, ಒಂದು ಪುಟ್ಟ ಪಂಪು, ಶಾವಿಗೆಯ ಹಾಗೆ ಸುತ್ತಿಕೊಂಡ ಬಿಳಿ ಪೈಪುಗಳು. ಮೊದಲ ಕೊಳವೆಯಲ್ಲಿ ಬಿಳಿ ನೂಲಿನ ಉಂಡೆಯಂಥದ್ದಿದ್ದು ಕೆಸರನ್ನು ತಡೆಯುತ್ತದೆ; ಎರಡನೆಯದರಲ್ಲಿರುವ ಇದ್ದಿಲು ವಾಸನೆಯನ್ನು ಹೀರುತ್ತದೆ; ಮೂರನೆಯದರಲ್ಲಿ ಮೆಂಬರೇನ್ ಎಂಬ ಪೊರೆ, ಕರಗಿ ಕಣ್ಮರೆಯಾದ ಉಪ್ಪನ್ನು ಕೂಡ ಬಾಗಿಲಲ್ಲೇ ನಿಲ್ಲಿಸುತ್ತದೆ. ಒಂದು ಪೈಪಿನಿಂದ ಒಳ್ಳೆಯ ನೀರು ಎಳೆಯಾಗಿ ನೀಲಿ ಡ್ರಮ್ಮಿಗೆ ಬೀಳುತ್ತದೆ. ಇನ್ನೊಂದರಿಂದ ಉಪ್ಪು ಹೊತ್ತ ನೀರು ಅದಕ್ಕಿಂತ ಹೆಚ್ಚಾಗಿಯೇ ಹೊರಗೆ ಹೋಗುತ್ತದೆ. ಬರೀ ಒಳ್ಳೆಯ ನೀರನ್ನೇ ಕೊಟ್ಟರೂ ಮೀನಿಗಾಗದು. ತುಸು ಬೋರ್ ನೀರು ಬೆರೆಸಿ ಹದ ಮಾಡಬೇಕು. ಈ ಹದ ಕೈಗೆ ಹತ್ತುವಷ್ಟರಲ್ಲಿ ನನಗೆ ಸಾಂಬಾರಿನ ಹದ ತಪ್ಪಿಹೋಗಿತ್ತು ಎಂದು ನಮ್ಮವರು ಹೇಳುತ್ತಾರೆ. ಇರಬಹುದು.

ಮೊದಲ ಸಲ ಕೊಳವೆ ಬಿಚ್ಚಿದ ಭಾನುವಾರವನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ನೀರಿನ ವಾಲ್ವ್ ಮುಚ್ಚಿದರೆ ಸಾಕೆಂದುಕೊಂಡಿದ್ದೆ. ಒಳಗೆ ನಿಂತ ಒತ್ತಡವನ್ನು ಬಿಡಬೇಕೆಂದು ತಿಳಿದಿರಲಿಲ್ಲ. ಬಳೆಯಂಥ ದೊಡ್ಡ ಪ್ಲಾಸ್ಟಿಕ್ ಸ್ಪ್ಯಾನರ್ ಹಾಕಿ ಹಲ್ಲು ಕಚ್ಚಿ ತಿರುಗಿಸಿದೆ, ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದೆ, ಬಂತು. ಬಂದ ರಭಸಕ್ಕೆ ನಾನು ತಲೆಯಿಂದ ಪಾದದವರೆಗೆ ತೊಯ್ದು, ಪಕ್ಕದಲ್ಲಿ ಒಣಹಾಕಿದ್ದ ಅತ್ತೆಯ ಮಡಿ ಸೀರೆಯೂ ತೊಯ್ದು, ನೀರು ಅಡುಗೆಮನೆಯ ಹೊಸ್ತಿಲು ದಾಟಿ ಹಾಲಿಗೆ ಹೊರಟಿತು. ಆಮೇಲೆ ಕೂಡಿಸಿ ಮುಚ್ಚಿದರೆ ಹನಿ ನಿಲ್ಲದು. ಟೇಪು ಸುತ್ತಿದೆ, ಇನ್ನಷ್ಟು ಬಿಗಿದೆ, ದೇವರಿಗೆ ಹರಕೆ ಹೊತ್ತೆ. ಕೊನೆಗೆ ನೋಡಿದರೆ ಕೊಳವೆಯ ಬಾಯಿಗೆ ಕೂರಬೇಕಾದ ರಬ್ಬರ್ ಉಂಗುರ ನನ್ನ ಕೈಯಲ್ಲೇ ಬಳೆಗಳ ಜೊತೆ ಇತ್ತು. ಕೈ ಖಾಲಿ ಇರಲೆಂದು ನಾನೇ ಹಾಕಿಕೊಂಡಿದ್ದೆ. ಆದರೆ ಆವತ್ತು ಆ ನೂಲಿನ ಉಂಡೆಯನ್ನು ಹೊರಗೆ ತೆಗೆದಾಗ ಒದ್ದೆ ಬಟ್ಟೆಯಲ್ಲೇ ನಿಂತುಬಿಟ್ಟೆ. ಮಲ್ಲಿಗೆಯಷ್ಟು ಬೆಳ್ಳಗೆ ಒಳಹೋದದ್ದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಇಷ್ಟು ಮಣ್ಣನ್ನು ಹೊತ್ತುಕೊಂಡು, ಒಂದು ಮಾತನ್ನೂ ಆಡದೆ, ಅಷ್ಟು ಆಳದಿಂದ ನಮ್ಮ ಮನೆಗೆ ಹತ್ತಿ ಬಂದಿತ್ತು.

ಇನ್ನೊಮ್ಮೆ ಹಳೆಯ ಮೆಂಬರೇನ್ ಬದಲಿಸಿದಾಗ ಅದರೊಳಗೆ ಏನಿದೆ ನೋಡೋಣವೆಂದು ಕತ್ತರಿ ಹಾಕಿದೆ. ಬೆಂಡೆಕಾಯಿಗಿಂತ ದೊಡ್ಡದಾದರೂ ಸೋರೆಕಾಯಿಗಿಂತ ಸಣ್ಣದಾದ ಆ ಸುರುಳಿ ಬಿಚ್ಚುತ್ತ ಹೋಯಿತು. ಹಾಳೆಯ ಹಿಂದೆ ಹಾಳೆ, ಜಾಲರಿಯ ಹಿಂದೆ ಜಾಲರಿ, ಹಾಲಿನ ನೆಲವೆಲ್ಲ ಚಾಪೆ ಹಾಸಿದಂತಾಯಿತು. ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಅತ್ತೆ, "ಇಷ್ಟು ದೊಡ್ಡದನ್ನ ಅಷ್ಟರೊಳಗೆ ಹೇಗೆ ತುರುಕಿದ್ರೇ?" ಎಂದು ಮೂಗಿನ ಮೇಲೆ ಬೆರಳಿಟ್ಟರು. ಕಣ್ಣಿಗೂ ಕಾಣದ, ಕೈಗೂ ಸಿಗದ ರಂಧ್ರಗಳಂತೆ ಅದರಲ್ಲಿ. ನಾನು ದಿನವಿಡೀ ಉಪಕರಣ ಹಿಡಿದು ಅಳೆಯುವುದೆಲ್ಲ ಇದರ ಮುಂದೆ ಮೊರದಿಂದ ಕೇರಿದ ಹಾಗೆ. ಹಾಳೆಯನ್ನು ಕಣ್ಣಿಗೆ ಹಿಡಿದು ಕಿಟಕಿಯ ಬೆಳಕಿನಲ್ಲಿ ಎಷ್ಟೋ ಹೊತ್ತು ನೋಡಿದೆ. ಏನೂ ಕಾಣಲಿಲ್ಲ. ಅತ್ತೆ ಅದನ್ನು ಒಗೆದು ಡಬ್ಬಿಗಳ ಅಡಿಗೆ ಹಾಸಿದರು.

ಈ ಹೊತ್ತಿಗೆ ಮನೆಯ ಮಾಲೀಕರಾದ ತಿಮ್ಮಕ್ಕ ಯುದ್ಧಕ್ಕೆ ಬಂದರು. ನಾವಿರುವ ಕಟ್ಟಡ ನಿಂತಿರುವುದೇ ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಕೆಳಗೆ ಅವರ ಮನೆ, ಮೇಲೆ ಬಾಡಿಗೆಯವರು. ಬೋರ್‌ವೆಲ್ ಅವರದು, ಅದರ ಒಂದೊಂದು ಹನಿಯೂ ಅವರ ಮಗಳ ಹಾಗೆ, ಕೊಟ್ಟ ಮನೆಯಲ್ಲಿ ಹೇಗಿದೆಯೆಂದು ವಿಚಾರಿಸುತ್ತಲೇ ಇರುತ್ತಾರೆ. ಯಂತ್ರದ ಉಪ್ಪುನೀರಿನ ಪೈಪು ಮೋರಿಗೆ ಸುರಿಯುವುದನ್ನು ಕಂಡು ಸೆರಗು ಸೊಂಟಕ್ಕೆ ಸಿಗಿಸಿ ಮೆಟ್ಟಿಲು ಹತ್ತಿದರು. "ಏನವ್ವಾ ಸವಿತಮ್ಮ, ಇಂಗೆ ನೀರು ಸುರಿದ್ರೆ ಬೋರು ಬತ್ತೋಗಾಕಿಲ್ವಾ? ಎರಡು ಮೀನಿಗೆ ಒಂದು ಕೆರೆ ಬೇಕಾ ನಿಂಗೆ?" ನಾನು ಕೈಮುಗಿದು, ಆ ನೀರನ್ನು ಇನ್ನು ಮುಂದೆ ಬೇರೆ ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸುವುದಕ್ಕೂ ಪಾಯಿಖಾನೆಗೂ ಬಳಸುತ್ತೇನೆ ಎಂದು ಮಾತು ಕೊಟ್ಟು, ಹೊತ್ತಾಯಿತೆಂದು ಕಾರ್ಖಾನೆಗೆ ಓಡಿದೆ. ಸಂಜೆ ಬಂದು ನೋಡಿದರೆ ತಿಮ್ಮಕ್ಕ ಪೂರ್ತಿ ತಣ್ಣಗಾಗಿದ್ದರು. ಹೇಗೆಂದು ಕೇಳಿದರೆ, "ಕಾಫಿ ಕೊಟ್ಟೆ ಕಣೇ, ಸಮಾಧಾನ ಆದ್ರು" ಎಂದರು ಅತ್ತೆ. ಅತ್ತೆಯ ವ್ಯವಹಾರ ಜ್ಞಾನಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ನಮ್ಮ ಹಪ್ಪಳಗಳು ಗಂಡ ಹೆಂಡತಿ ಎಂದು ತಿಳಿದದ್ದು ಅವು ಮೊಟ್ಟೆ ಇಟ್ಟಾಗ. ತೊಟ್ಟಿಯಲ್ಲಿ ಬೋರಲು ಹಾಕಿದ್ದ ಮಣ್ಣಿನ ಕುಂಡವನ್ನು ಎರಡೂ ಸೇರಿ ಬಾಯಿಂದ ತಿಕ್ಕಿ ತೊಳೆದವು. ಆಮೇಲೆ ಅದರ ಮೇಲೆ ಸಾಲಾಗಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ಎರಡೂ ಸರದಿಯ ಮೇಲೆ ಕಾವಲು ನಿಂತು ರೆಕ್ಕೆಯಿಂದ ಗಾಳಿ ಹಾಕಿದಂತೆ ನೀರು ಬೀಸುತ್ತಿದ್ದವು. ನಮ್ಮವರು ಕಾರ್ಖಾನೆಯಿಂದ ಫೋನ್ ಮಾಡಿ "ಹೇಗಿದಾಳೆ?" ಎಂದು ಕೇಳತೊಡಗಿದರು. ಆದರೆ ಮೊಟ್ಟೆಗಳು ಬೆಳ್ಳಗೆ ಅಕ್ಕಿನುಚ್ಚಿನಂತಾಗಿ ಕೆಟ್ಟವು. ಇನ್ನೊಮ್ಮೆ ಇಟ್ಟವು, ಮತ್ತೆ ಬೆಳ್ಳಗಾದವು. ಆ ಹೊತ್ತು ಎರಡೂ ಮೀನು ಖಾಲಿ ಕುಂಡದ ಮುಂದೆ ಕಾವಲು ಬಿಡದೆ ನಿಂತಿದ್ದುದನ್ನು ನೋಡಿ ಅತ್ತೆ ಎದ್ದು ಒಳಗೆ ಹೋದರು. ಮೀನಿನ ಅಂಗಡಿಯವರಿಗೆ ಫೋನ್ ಮಾಡಿದರೆ, "ನೀರು ಇನ್ನೂ ಮೆತ್ತಗಿರ್ಬೇಕು ಮೇಡಂ. ಗಡಸು ನೀರಲ್ಲಿ ಮೊಟ್ಟೆ ಸಿಪ್ಪೆ ಗಟ್ಟಿ ಆಗೋಗುತ್ತೆ, ಮರಿ ಆಗಲ್ಲ" ಎಂದರು. ಅಂದರೆ ತಪ್ಪು ಮೀನಿನದಲ್ಲ, ನೀರಿನ ಇಲಾಖೆಯದು.

ನಾನು ಹಠಕ್ಕೆ ಬಿದ್ದೆ. ಎಲ್ಲ ಕೊಳವೆಗಳನ್ನೂ ಬದಲಿಸಿದೆ, ಬೋರ್ ನೀರಿನ ಪಾಲು ಇಳಿಸಿದೆ, ಬೆಳಿಗ್ಗೆ ಸಂಜೆ ಮೀಟರ್ ಅದ್ದಿದೆ. ಮುಂದಿನ ಸಲದ ಮೊಟ್ಟೆಗಳು ಬೆಳ್ಳಗಾಗಲಿಲ್ಲ. ಅವುಗಳಲ್ಲಿ ಕರಿ ಚುಕ್ಕೆ ಕಂಡಿತು, ಚುಕ್ಕೆ ಮಿಸುಕಿತು, ಬಾಲ ಬಂತು. ಕುಂಡದ ಮೇಲೆ ಕೂದಲು ನೆಟ್ಟಂತೆ ಮರಿಗಳು ಅಲುಗುತ್ತಿದ್ದವು. ಉದುರಿದ್ದನ್ನು ಅಪ್ಪನೋ ಅಮ್ಮನೋ ಬಾಯಲ್ಲಿ ಹಿಡಿದು ಮತ್ತೆ ಅಲ್ಲೇ ಅಂಟಿಸುತ್ತಿತ್ತು. ಇನ್ನು ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು. ಒಳ್ಳೆಯ ನೀರು ಬಹಳ ಬೇಕು. ಸರಿಯಾಗಿ ಇದೇ ಸಮಯಕ್ಕೆ ಯಂತ್ರ ಕೈಕೊಡತೊಡಗಿತು.

ಅದು ಕೈಕೊಟ್ಟ ರೀತಿಯೇ ವಿಚಿತ್ರ. ನಾನು ಮನೆಯಲ್ಲಿದ್ದು ನೋಡಿಕೊಂಡ ಭಾನುವಾರಗಳಲ್ಲಿ ಒಳ್ಳೆಯ ನೀರಿನ ನೀಲಿ ಡ್ರಮ್ಮು ತುಂಬುತ್ತಿತ್ತು. ವಾರದ ದಿನಗಳಲ್ಲಿ ಬೆಳಿಗ್ಗೆ ಯಂತ್ರ ಹಾಕಿ ಹೋದರೆ ಸಂಜೆಗೆ ಮುಕ್ಕಾಲು, ಕೆಲವೊಮ್ಮೆ ಅರ್ಧ. ಪಂಪು ಬಿಚ್ಚಿ ನೋಡಿದೆ, ಪೈಪು ಊದಿ ನೋಡಿದೆ. ಕೊನೆಗೆ ಒಂದು ಸಿದ್ಧಾಂತವನ್ನೇ ಕಂಡುಹಿಡಿದೆ: ವಾರದ ದಿನಗಳಲ್ಲಿ ತುಮಕೂರು ರಸ್ತೆಯ ಕಾರ್ಖಾನೆಗಳೆಲ್ಲ ಕರೆಂಟು ಎಳೆಯುತ್ತವೆ, ವೋಲ್ಟೇಜ್ ಇಳಿಯುತ್ತದೆ, ಪಂಪಿನ ಒತ್ತಡ ಕುಗ್ಗುತ್ತದೆ, ನೀರು ಕಡಿಮೆ ಬರುತ್ತದೆ, ಭಾನುವಾರ ಕಾರ್ಖಾನೆಗಳಿಗೆ ರಜೆ, ಆದ್ದರಿಂದ ಡ್ರಮ್ಮು ತುಂಬುತ್ತದೆ. ಊಟಕ್ಕೆ ಕೂತಾಗ ಇದನ್ನು ಮಂಡಿಸಿದೆ. ನಮ್ಮವರು ಅನ್ನ ಕಲಸುವುದನ್ನು ನಿಲ್ಲಿಸಿ, "ಎಂಥಾ ತಲೆ ಕಣೇ ನಿಂದು!" ಎಂದರು. ಅತ್ತೆಯೂ "ಇರಬಹುದಮ್ಮ, ಇರಬಹುದು" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ತೊವ್ವೆ ಬಡಿಸಿದರು. ಬೆಣ್ಣೆಯಂತೆ ಬೆಂದ ತೊವ್ವೆ. ಚಪ್ಪರಿಸಿಕೊಂಡು ಉಂಡೆ.

ಮರಿಗಳು ಕುಂಡ ಬಿಟ್ಟು ಈಜತೊಡಗಿದ ಶನಿವಾರ ನನಗೆ ಅರ್ಧ ದಿನ ಕೆಲಸ. ಗೇಟಿನಿಂದ ಹೊರಬರುವಷ್ಟರಲ್ಲಿ, ರಜೆ ಹಾಕಿ ಮನೆಯಲ್ಲಿದ್ದ ನಮ್ಮವರ ಫೋನು. "ಸವೀ, ಬೇಗ ಬಾ. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಲೈನ್ ರಿಪೇರಿ ಅಂತೆ. ಗಾಳಿ ಪಂಪ್ ನಿಂತ್ಹೋಗಿದೆ, ಇವು ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ." ಬಸ್ಸಿಗೆ ಕಾಯದೆ ಆಟೊ ಹತ್ತಿದೆ. ಮನೆಯಲ್ಲಿ ಕಂಡ ನೋಟ ಹೀಗಿತ್ತು: ತೊಟ್ಟಿ ತಣ್ಣಗಾಗದಿರಲೆಂದು ಅದರ ಮೂರು ಮಗ್ಗುಲಿಗೆ ಅತ್ತೆಯ ಉಣ್ಣೆ ಶಾಲು ಸುತ್ತಿದೆ, ನಮ್ಮವರು ಸ್ಟೂಲಿನ ಮೇಲೆ ನಿಂತು ತೊಟ್ಟಿಯದೇ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ, ಗಾಳಿ ಬೆರೆಯಲೆಂದು ಮೇಲಿನಿಂದ ಸುರಿಯುತ್ತಿದ್ದಾರೆ, ಶಿವನಿಗೆ ಅಭಿಷೇಕ ಮಾಡಿದಂತೆ. ಬೆವರು ಹನಿಯುತ್ತಿದೆ. ನೀರು ಮಬ್ಬಾಗಿದೆ. ಎರಡು ಮೀನುಗಳ ಕಿವಿರು ಏದುಸಿರು ಬಿಡುವವರ ಎದೆಯಂತೆ ಬಡಿಯುತ್ತಿದೆ, ಸುತ್ತ ಹೊಗೆಯ ಎಳೆಯಂತೆ ಮರಿಗಳು. ಈಗ ಒಂದೇ ದಾರಿ: ಹಳೆಯ ನೀರು ತೆಗೆದು, ಹದವಾದ ಹೊಸ ನೀರು ಹಾಕಬೇಕು.

ಡ್ರಮ್ಮಿನ ಮುಚ್ಚಳ ತೆಗೆದೆ. ತಳದಲ್ಲಿ ಒಂದು ಗೇಣು ನೀರು.

ಹಿಂದಿನ ಸಂಜೆ ಮುಕ್ಕಾಲು ಇದ್ದದ್ದನ್ನು ನಾನೇ ನೋಡಿದ್ದೆ. ಕರೆಂಟಿಲ್ಲದ ದಿನ ನೀರು ಏರದೆ ಇರಬಹುದು, ಇಳಿಯುವುದು ಹೇಗೆ? ನನ್ನ ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ. ಡ್ರಮ್ಮು ಒಡೆದಿದೆಯೆಂದು ಮೊಣಕಾಲೂರಿ ಅದರ ಬುಡವನ್ನೆಲ್ಲ ಸವರುತ್ತಿದ್ದೆ. ಆಗ ಹಿತ್ತಲ ಮೆಟ್ಟಿಲಿನ ಕಡೆಯಿಂದ ತಿಮ್ಮಕ್ಕನ ದನಿ ಬಂತು. "ಅಮ್ಮಾವ್ರೇ, ಇನ್ನೊಂದು ಅರ್ಧ ಬಿಂದಿಗೆ ಸೀನೀರು ಐತಾ? ನನ್ನ ತಂಗಿ ಸೊಸೆಗೂ ತಲೆಗೆ ಉಯ್ಯಬೇಕಂತೆ, ನಾಳೀಕೆ ನಮ್ಮನೆಯಾಗೆ ನಿಶ್ಚಿತಾರ್ಥ ಅಲ್ವಾ?" ಎನ್ನುತ್ತ ಒಳಗೆ ಬಂದವರು ನೆಲದ ಮೇಲಿದ್ದ ನನ್ನನ್ನು ನೋಡಿ, ಬಿಂದಿಗೆಯನ್ನು ಬೆನ್ನ ಹಿಂದೆ ಸರಿಸಿದರು. ಬಿಂದಿಗೆ ಹಾಗೆಲ್ಲ ಅಡಗುವ ವಸ್ತುವಲ್ಲ. ಅವರ ಬೆನ್ನ ಮೇಲೆ ಹರಡಿದ್ದ ಕೂದಲು, ವರ್ಷಗಳಿಂದ ತೆಂಗಿನ ನಾರಿನಂತಿದ್ದ ಕೂದಲು, ಬಿಸಿಲಿಗೆ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು.

ನಾನು ತಿರುಗಿ ಅತ್ತೆಯನ್ನು ನೋಡಿದೆ. ಅತ್ತೆಯ ಕೂದಲೂ ಹೊಳೆಯುತ್ತಿತ್ತು.

"ಅತ್ತೆ, ಏನಿದು?"

"ಏನಿದು ಅಂದ್ರೆ? ನಾನೇನು ಕದ್ದೆನಾ?" ಅತ್ತೆ ಮೊದಲು ಕೋಪ ಮಾಡಿಕೊಂಡರು, ಸೋಲುವಾಗ ಅವರ ಪದ್ಧತಿ ಅದು. "ಆವತ್ತು ತಿಮ್ಮಕ್ಕ ಜಗಳಕ್ಕೆ ಬಂದಾಗ ನಲ್ಲಿ ನೀರು ನಿಂತಿತ್ತು. ಡ್ರಮ್ಮಿಂದ ಎರಡು ಲೋಟ ತಗೊಂಡು ಕಾಫಿ ಮಾಡಿದೆ. ಎಂಥಾ ಕಾಫಿ ಅಂತೀಯಾ! ಆಮೇಲೆ ಬೇಳೆಗೆ ಹಾಕಿದೆ, ಎರಡೇ ಸೀಟಿಗೆ ಕರಗೋಯ್ತು. ನೀನೇ ಅಲ್ವೇನೇ, ಅತ್ತೆ ಈಚೆಗೆ ನಿಮ್ಮ ಕಾಫಿ ಭಾಳ ಚೆನ್ನಾಗಿದೆ ಅಂದಿದ್ದು? ತೊವ್ವೆ ಮೂರು ಸಲ ಹಾಕಿಸ್ಕೊಂಡೆ?"

ಕಾರ್ಖಾನೆಯಲ್ಲಿ ಕೂದಲೆಳೆಯ ದೋಷ ಹಿಡಿಯುವ ನಾನು ಇಷ್ಟು ದಿನ ಕಳುವಿನ ಮಾಲನ್ನು ದಿನಕ್ಕೆರಡು ಲೋಟ ಕುಡಿದು, ಸಾಲದ್ದಕ್ಕೆ ಮೆಚ್ಚುಗೆಯನ್ನೂ ಸೂಚಿಸಿದ್ದೆ. ಅತ್ತೆಯಿಂದ ತಿಮ್ಮಕ್ಕನಿಗೆ ಒಂದು ಚೊಂಬು ತಲೆಗೆ ಹೋಗಿತ್ತು, ತಿಮ್ಮಕ್ಕನಿಂದ ಸುದ್ದಿ ಪಕ್ಕದ ರೂಮಿನ ನರ್ಸ್ ಹುಡುಗಿಯರಿಗೆ, ಅಲ್ಲಿಂದ ಎದುರು ಮನೆಗೆ. ಬೆಂಗಳೂರಿನ ಬೋರ್ ನೀರಿಗೆ ಕೂದಲು ಉದುರಿಸಿಕೊಂಡು ಅಳುತ್ತಿದ್ದ ಬೀದಿಯ ಹೆಂಗಸರಿಗೆಲ್ಲ ನನ್ನ ಎರಡು ಮೀನು ಪುಣ್ಯ ಕಟ್ಟಿಕೊಂಡಿದ್ದವು. ನಿಶ್ಚಿತಾರ್ಥದ ಹಿಂದಿನ ದಿನವಾದ್ದರಿಂದ ಇವತ್ತು ವಿಶೇಷ ಹಂಚಿಕೆ ನಡೆದಿತ್ತು.

"ಅಮ್ಮಾ, ಆ ಮರಿಗಳು ಸಾಯ್ತವೆ ಕಣಮ್ಮಾ!" ಎಂದು ಹಾಲಿನಿಂದ ನಮ್ಮವರು ಕೂಗಿದರು. ದನಿ ಒಡೆದಿತ್ತು. ಅದನ್ನು ಕೇಳಿ ಅತ್ತೆಯ ಮುಖ ಬಿಳಿಚಿಕೊಂಡಿತು. ತಿಮ್ಮಕ್ಕ ಬಿಂದಿಗೆಯನ್ನು ಅಲ್ಲೇ ಕುಕ್ಕಿ, ಹಾಲಿಗೆ ಹೋಗಿ, ತೊಟ್ಟಿಯನ್ನು ಒಂದು ಸಲ ನೋಡಿದರು. ಬಾಯಿಬಿಡುತ್ತಿದ್ದ ಮೀನನ್ನು ನೋಡಿ ಅವರೂ ಬಾಯಿಬಿಟ್ಟರು. ಆಮೇಲೆ ಬಾಲ್ಕನಿಗೆ ನುಗ್ಗಿ, ಒಂದು ಕಾಲದಲ್ಲಿ ಹೊಲದ ಆ ತುದಿಗೆ ಕೇಳಿಸುತ್ತಿದ್ದ ದನಿಯಲ್ಲಿ ಕೂಗಿದರು. "ಏಯ್, ಮೇಲಿನ ಮನೆ ಸೀನೀರು ಯಾರ್ಯಾರ ತಾವ ಐತೋ ಎಲ್ಲಾ ತಗೊಂಡು ಬರ್ರೀ! ಒಂದು ಹನಿ ಉಳಿಸ್ಕಂಡ್ರೆ ನೋಡಿ ಮತ್ತೆ! ಇಲ್ಲಿ ಕೂಸುಗಳ ಉಸಿರು ಹೋಗ್ತಾ ಐತೆ!"

ಬಂದರು. ಸ್ಟೀಲ್ ಕೊಡ, ಇಡ್ಲಿ ಪಾತ್ರೆ, ಕುಕ್ಕರು, ಫ್ರಿಜ್ಜಿನ ಬಾಟಲಿಗಳು. ನಾನು ಬಾಗಿಲಲ್ಲಿ ಮೀಟರ್ ಹಿಡಿದು ನಿಂತೆ. ಅದ್ದಿ ನೋಡಿ, "ಇದು ನಮ್ಮದು, ಒಳಗೆ ಬನ್ನಿ," "ಇದು ಬೋರ್ ನೀರು, ವಾಪಸ್," "ಇದಕ್ಕೆ ಸೀಗೆಪುಡಿ ಬಿದ್ದಿದೆ ಅಕ್ಕ, ಆಗಲ್ಲ." ನನ್ನ ವೃತ್ತಿಜೀವನದಲ್ಲಿ ಇಷ್ಟು ಬಿಗಿಯಾದ ತಪಾಸಣೆ ಮಾಡಿದವಳಲ್ಲ. ತಿಮ್ಮಕ್ಕ ತಮ್ಮ ತಾಮ್ರದ ಹಂಡೆಯನ್ನೇ ಇಬ್ಬರಿಂದ ಹೊರಿಸಿಕೊಂಡು ಬಂದಿದ್ದರು. ಅದನ್ನು ತಿರಸ್ಕರಿಸಿದಾಗ ಅವರಿಗೆ ಬಂದ ಸಿಟ್ಟು ಹೇಳತೀರದು. "ತಾಮ್ರದ ನೀರು ಮೈಗೆ ಒಳ್ಳೇದು ಅಂತ ಟೀವಿನಾಗೆ ಹೇಳ್ತಾರೆ!"

"ನಮಗೆ ಒಳ್ಳೇದು ತಿಮ್ಮಕ್ಕ, ಮೀನಿಗೆ ವಿಷ."

"ಅಂಗಂದ್ರೆ ಬ್ಯಾಡ ಬಿಡು, ತಕ್ಕಂಡೋಗಿ ದೂರ ಮಡಗ್ರೋ!" ಎಂದು ಹಂಡೆ ಹೊತ್ತವರ ಮೇಲೆ ಹರಿಹಾಯ್ದರು. ಅತ್ತೆ ಗ್ಯಾಸ್ ಹಚ್ಚಿ, ಬಂದ ನೀರನ್ನು ಪಾತ್ರೆ ಪಾತ್ರೆಯಾಗಿ ಉಗುರುಬೆಚ್ಚಗೆ ಮಾಡಿ ಕೊಟ್ಟರು. ಎಳೆಗೂಸಿನ ಸ್ನಾನಕ್ಕೆ ನೋಡುವಂತೆ ಒಂದೊಂದಕ್ಕೂ ಮೊಣಕೈ ತಾಗಿಸಿ ನೋಡಿದರು. ಹದ ಬೆರೆಸಿ, ಮರಿಗಳು ಚೆದುರದಂತೆ, ತೊಟ್ಟಿಯ ಮೂಲೆಯಿಂದ ಸಣ್ಣ ಪೈಪಿನಲ್ಲಿ ಇಳಿಬಿಟ್ಟೆ. ನಮ್ಮವರು ಹಳೆಯ ನೀರು ತೆಗೆಯುತ್ತ ಹೋದರು. ಬಹಳ ಹೊತ್ತು ಏನೂ ಬದಲಾಗಲಿಲ್ಲ. ಯಾರೂ ಮನೆಗೆ ಹೋಗಲಿಲ್ಲ. ಪಡುವಣ ಕಿಟಕಿಯ ಬಿಸಿಲು ತೊಟ್ಟಿಯ ಮೇಲೆ ಬಿದ್ದು ನೀರಿನ ಮಬ್ಬು ಮೆಲ್ಲಗೆ ತಿಳಿಯಾಯಿತು. ಎರಡು ಮೀನುಗಳೂ ಒಂದೊಂದಾಗಿ ಮೇಲಿನಿಂದ ಕೆಳಗಿಳಿದವು. ಕಿವಿರಿನ ಬಡಿತ ನಿಧಾನವಾಯಿತು.

ಆಗ ನೋಡಿದೆವು. ಚೆದುರಿದ್ದ ಮರಿಗಳೆಲ್ಲ ಹುಡುಕಿಕೊಂಡು ಬಂದು ತಾಯಿಯ ಎರಡೂ ಪಕ್ಕೆಗೆ ಮುತ್ತಿದವು. ಅಂಟಿಕೊಂಡು, ಅವಳ ಮೈಯನ್ನೇ ಕೆರೆದು ತಿನ್ನತೊಡಗಿದವು. ಮರಿಗಳಿಗೆಂದೇ ದೊಡ್ಡ ಮೀನಿನ ಚರ್ಮದಿಂದ ಒಂದು ಬಗೆಯ ಲೋಳೆ ಒಸರುತ್ತದೆ, ಅದೇ ಅವುಗಳಿಗೆ ಹಾಲು ಎಂದು ಅಂಗಡಿಯವರು ಹೇಳಿದ್ದರು. ಹೇಳಿದ್ದನ್ನು ಕೇಳಿದ್ದೆ, ಅಷ್ಟೆ. ಕಣ್ಣೆದುರು ಕಂಡಾಗ ಗಾಜಿನ ಮುಂದೆ ಕೂತುಬಿಟ್ಟೆ. ತಾಯಿ ಅಲುಗದೆ ನಿಂತಿದ್ದಳು, ಮೈತುಂಬ ಎಳ್ಳು ಅಂಟಿದ ಎಳ್ಳುಂಡೆಯ ಹಾಗೆ. ಕೆಲಹೊತ್ತಿಗೆ ಅವಳು ಗಂಡನ ಪಕ್ಕಕ್ಕೆ ಬಂದು ಮೈಯನ್ನೊಮ್ಮೆ ಝಾಡಿಸಿ ಸರಕ್ಕನೆ ಸರಿದಳು. ಮರಿಗಳ ಹಿಂಡು ಒಂದು ಕ್ಷಣ ನೀರಿನಲ್ಲಿ ತಬ್ಬಿಬ್ಬಾಗಿ, ಮರುಕ್ಷಣ ಅಪ್ಪನ ಮೈಗೆ ಅಂಟಿಕೊಂಡಿತು. ಈಗ ಅವನು ಅಲುಗದೆ ನಿಂತ.

ಹಾಲಿನಲ್ಲಿದ್ದ ಹೆಂಗಸರೆಲ್ಲ ತೊಟ್ಟಿಯ ಸುತ್ತ ಒತ್ತಿಕೊಂಡು ನಿಂತರು. ನರ್ಸ್ ಹುಡುಗಿಯೊಬ್ಬಳು ಗಾಜಿನ ಹತ್ತಿರ ಬಗ್ಗಿ, "ಮೈಯೆಲ್ಲಾ ಗಾಜಿನ ಹಾಗಿದೆ ಅಕ್ಕ, ಒಳಗೆ ಹೊಟ್ಟೆ ತುಂಬೋದು ಕಾಣ್ತಿದೆ" ಎಂದು ಪಿಸುಗುಟ್ಟಿದಳು. ತಿಮ್ಮಕ್ಕ ಬೆಕ್ಕಸ ಬೆರಗಾಗಿ ನಿಂತಿದ್ದರು. "ಗಂಡೂ ಹಾಲು ಕೊಡ್ತದಾ ಸವಿತಮ್ಮ?"

"ಕೊಡುತ್ತೆ ತಿಮ್ಮಕ್ಕ. ಸರದಿ ಮೇಲೆ."

ತಿಮ್ಮಕ್ಕ ತಲೆ ಹೊರಳಿಸಿ ನಮ್ಮವರನ್ನು ನೋಡಿದರು. ಅತ್ತೆ ನೋಡಿದರು. ಒಬ್ಬರಾದ ಮೇಲೊಬ್ಬರಂತೆ ಎಲ್ಲ ಹೆಂಗಸರೂ ತಿರುಗಿ ನೋಡಿದರು. ನಮ್ಮವರು ಸ್ಟೂಲಿನಿಂದ ಇಳಿದು, ಚೊಂಬು ಕೆಳಗಿಟ್ಟು, "ಎಲ್ಲರಿಗೂ ಕಾಫಿ ಮಾಡ್ಲಾ?" ಎಂದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಬಂದು ಗಾಳಿ ಪಂಪು ಗುಳುಗುಳು ಎಂದಿತು. ಕಾಫಿಯನ್ನು ಬೋರ್ ನೀರಿನಲ್ಲೇ ಮಾಡಿದರು. ಕೆಟ್ಟದಾಗಿತ್ತು. ಎಲ್ಲರೂ ಕುಡಿದರು.

ಅಂದಿನಿಂದ ನಮ್ಮ ಬೀದಿಯಲ್ಲಿ ನೀರಿನ ವಿಷಯಕ್ಕೆ ಒಂದು ಶಿಸ್ತು ಬಂದಿದೆ. ಮೀನಿಗೆ ಬೇಕಾದದ್ದು ಮೊದಲು, ಅತ್ತೆಯ ಬೇಳೆಗೆ ಆಮೇಲೆ, ತಲೆಗೆ ಯಾರೂ ಕೇಳುವಂತಿಲ್ಲ. ಇದನ್ನು ಜಾರಿಗೆ ತಂದವಳು ನಾನಲ್ಲ, ಅತ್ತೆ. ಊಟವಾದ ಮೇಲೆ ಮಲಗುವ ಪದ್ಧತಿ ಬಿಟ್ಟು ತೊಟ್ಟಿಗೂ ಡ್ರಮ್ಮಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮರ್ಯಾದೆಯಿಂದ ಬಂದ ತಿಮ್ಮಕ್ಕನನ್ನೂ ಒಮ್ಮೆ ಬರಿಗೈಯಲ್ಲಿ ಕಳಿಸಿದ್ದುಂಟು. ಮರಿಗಳು ಈಗ ಗುಂಡು ಬಿಂದಿಯಷ್ಟಾಗಿ ಅಪ್ಪ ಅಮ್ಮನ ಹಾಗೇ ಗಂಭೀರವಾಗಿ ಓಡಾಡುತ್ತವೆ.

ಮೊನ್ನೆ ನಮ್ಮ ಕಾರ್ಖಾನೆಯ ವಾರ್ಷಿಕ ಸಮಾರಂಭವಿತ್ತು. ನನಗೆ ವೇದಿಕೆಯ ಮೇಲೆ ಸ್ವಾಗತ ಭಾಷಣ. ಬೆಳಿಗ್ಗೆ ಕನ್ನಡಿ ನೋಡಿಕೊಂಡೆ. ತಲೆಯ ಮೇಲೆ ಇದ್ದದ್ದು ಕೂದಲೋ ಪಾತ್ರೆ ತಿಕ್ಕುವ ನಾರೋ ಹೇಳಲು ಮೀಟರ್ ಬೇಕಿರಲಿಲ್ಲ. ಅತ್ತೆ ದೇವರ ಮುಂದೆ ಕಣ್ಣುಮುಚ್ಚಿ ಕೂತಿದ್ದರು. ಬಕೆಟ್ಟು ಹಿಡಿದು, ಹೆಜ್ಜೆಯ ಸಪ್ಪಳವಾಗದಂತೆ ಯುಟಿಲಿಟಿಗೆ ಹೋಗಿ ಡ್ರಮ್ಮಿನ ಮುಚ್ಚಳ ಸರಿಸಿ, ಮೊದಲ ಚೊಂಬು ಎತ್ತಿದೆ. ನೀರು ತೊಟ್ಟಿಕ್ಕಿದ ಸದ್ದಿಗೆ ಮಂತ್ರ ಅರ್ಧಕ್ಕೆ ನಿಂತಿತು.

"ಯಾರದು? ಮಕ್ಕಳ ನೀರಮ್ಮಾ ಅದು!"

"ನಾನೇ ಅತ್ತೆ," ಎಂದೆ, ಚೊಂಬನ್ನು ಬೆನ್ನ ಹಿಂದೆ ಸರಿಸುತ್ತ. "ಪಂಪಿನ ಒತ್ತಡ ನೋಡ್ತಿದೀನಿ."